ಮೆಂತೆಪ್ಪ

20 ನವೆಂಬರ್ 1958, ಗುರುವಾರ, ದಾವಣಗೆರೆ

ಬಾಣಂತಿ ಬರೆಯಬಾರದಂತೆ, ಕಣ್ಣು ಹೋಗುತ್ತವಂತೆ. ಓದಬಾರದು, ಕಿಟಕಿ ಹತ್ತಿರ ನಿಲ್ಲಬಾರದು, ತಣ್ಣೀರು ಮುಟ್ಟಬಾರದು, ಜೋರಾಗಿ ನಗಬಾರದು. ಹಾಗಾದರೆ ಬಾಣಂತಿ ಮಾಡೋದಾದರೂ ಏನು ಅಂತ ಅವ್ವನನ್ನ ಕೇಳಿದೆ. "ತಿನ್ನಬೇಕು" ಅಂದಳು. ಏನು ತಿನ್ನಬೇಕು? ಮೆಂತೆ. ಬೆಳಿಗ್ಗೆ ಮೆಂತೆ ಉಂಡೆ, ಮಧ್ಯಾಹ್ನ ಬಿಸಿ ಅನ್ನದ ಮೇಲೆ ಮೆಂತೆ ಪುಡಿ, ಸಂಜೆ ಮೆಂತೆ ಗಂಜಿ. ತುಪ್ಪ ಬೆಲ್ಲ ಎಷ್ಟು ಸುರಿದರೂ ಕಹಿ ಕಹಿಯೇ. ನಿಟ್ಟುವಳ್ಳಿಯ ಈ ಕತ್ತಲೆ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು, ಹೊರಸಿನ ಕೆಳಗೆ ಕೆಂಡ ಇಟ್ಟುಕೊಂಡು ಕಡಲೆಕಾಯಿ ಹಾಗೆ ಹುರಿಯುತ್ತಿದ್ದೇನೆ. ಇವತ್ತಿನ ಉಂಡೆಯಲ್ಲಿ ಅರ್ಧ ತಿಂದೆ, ಇನ್ನರ್ಧ ದಿಂಬಿನ ಕೆಳಗಿದೆ. ಅವ್ವ ಹಿತ್ತಲಿಗೆ ಹೋದಾಗ ಕಾಗೆಗೆ ಎಸೆಯಬೇಕು.

ಕೂಸು ಗಂಡು. ಮಂಗಳವಾರ ಬೆಳಿಗ್ಗೆ ಹುಟ್ಟಿತು. ಕೆಂಪಗಿದೆ, ತಲೆ ತುಂಬ ಕೂದಲು, ಮೂಗು ಥೇಟ್ ಮಾಮನದು. ಗಂಡನನ್ನ ಇನ್ನೂ ಮಾಮ ಅಂತ ಕರೀತೀನಿ ಅಂತ ಹರಿಹರದ ಮಂದಿ ನಗುತ್ತಾರೆ. ಅವ್ವನ ಸ್ವಂತ ತಮ್ಮನನ್ನ ಮಾತು ಬಂದಾಗಿನಿಂದ ಮಾಮ ಅಂದವಳು ನಾನು. ತಾಳಿ ಕಟ್ಟಿದ ಕೂಡಲೆ ನಾಲಿಗೆ ಬದಲಾಗುತ್ತದಾ?

ಒಂದು ತಮಾಷೆ. ಕೂಸಿಗೂ ಮೆಂತೆ ವಾಸನೆ. ಕಿವಿ ಹಿಂದೆ, ನೆತ್ತಿಯಲ್ಲಿ, ಒದ್ದೆ ಮಾಡಿದ ಬಟ್ಟೆಯಲ್ಲಿ, ಹುರಿದ ಮೆಂತೆಗೆ ಬೆಲ್ಲದ ಪಾಕ ಹಾಕಿ ಸ್ವಲ್ಪ ತಳ ಹಿಡಿಸಿದರೆ ಬರುತ್ತದಲ್ಲ, ಅಂಥದು. ಎಣ್ಣೆ ನೀರು ಹಾಕಲು ಬರುವ ಹಂಪವ್ವ ಮೂಸಿ ನೋಡಿ, "ತಾಯಿ ತಿಂದಿದ್ದು ಕೂಸಿಗೆ ಇಳಿದೈತೆ ನೋಡವ್ವ" ಅಂದಳು. ಅವ್ವನ ಮುಖದಲ್ಲಿ ಏನು ಹೆಮ್ಮೆ, ತಾನು ಕಟ್ಟಿದ ಉಂಡೆಗೆ ಬಹುಮಾನ ಬಂದ ಹಾಗೆ.

22 ನವೆಂಬರ್, ಶನಿವಾರ

ಕೂಸು ಸರಿಯಾಗಿ ಹಾಲು ಕುಡಿಯುತ್ತಿಲ್ಲ. ಮೊದಲೆರಡು ದಿನ ಚಪ್ಪರಿಸಿ ಕುಡಿದದ್ದು ಈಗ ಬಾಯಿಗಿಟ್ಟರೆ ಹಾಗೇ ನಿದ್ದೆ ಹೋಗುತ್ತದೆ. ಅಂಗಾಲು ತಿಕ್ಕಿದೆ, ಕಿವಿ ಹಿಂಡಿದೆ. ಎದ್ದರೆ ಅಳುತ್ತದೆ, ಆ ಅಳುವೂ ಬೇರೆ ಥರ, ಸಣ್ಣಗೆ ಮೇಲಕ್ಕೆ ಹೋಗುವ ಅಳು. ಅವ್ವ ಬಜೆ ತೇಯ್ದು ನಾಲಿಗೆಗೆ ಸವರಿದಳು. "ಗಂಡು ಕೂಸು ಅಂದ್ರೆ ಸೋಮಾರಿ, ಹಂಗೇ ಇರ್ತಾವೆ" ಅಂದಳು. ನನಗೆ ಸ್ವಲ್ಪ ಸಮಾಧಾನವಾಯಿತು.

ನಾಳೆ ಭಾನುವಾರ. ಮಾಮ ಹರಿಹರದಿಂದ ಬೆಳಗಿನ ಪ್ಯಾಸೆಂಜರಿಗೆ ಬರುತ್ತಾರೆ, ಅಜ್ಜಿಯೂ ಜೊತೆಗೆ. ಅಜ್ಜಿ ನನಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಯಾವ ಹೊತ್ತಿಗೆ ಯಾವುದು ಅನ್ನೋದು ಅವಳ ಸಿಟ್ಟಿನ ಮೇಲೆ ನಿಂತಿದೆ.

23 ನವೆಂಬರ್, ಭಾನುವಾರ

ಮಾಮ ಕೂಸನ್ನ ಎತ್ತಿಕೊಳ್ಳಲು ಹೆದರಿ, ರೈಲ್ವೆ ಪಾರ್ಸೆಲ್ ಹಿಡಿದ ಹಾಗೆ ಎರಡೂ ಕೈ ಚಾಚಿ ಹಿಡಿದುಕೊಂಡರು. ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ ಆದವನಿಗೆ ಬೇರೆ ಏನು ಗೊತ್ತು ಅಂತ ರೇಗಿಸಿದೆ. ಆಮೇಲೆ ನೆತ್ತಿಗೆ ಮೂಗು ಹಚ್ಚಿದವರು ಬಹಳ ಹೊತ್ತು ತೆಗೆಯಲೇ ಇಲ್ಲ.

"ಏನಪ್ಪಾ ಮೆಂತೆಪ್ಪ, ಹೆಂಗಿದೀಯ?" ಅಂದರು. ಎಲ್ಲರೂ ನಕ್ಕರು. ತೊಟ್ಟಿಲಿಗೆ ಹಾಕುವ ದಿನದವರೆಗೆ ಹೆಸರಿಡುವ ಹಾಗಿಲ್ಲ, ಅಲ್ಲಿವರೆಗೆ ಇವನು ಮೆಂತೆಪ್ಪ.

ಅಜ್ಜಿ ಮಾತ್ರ ನಗಲಿಲ್ಲ. ಕೂಸಿನ ಬಟ್ಟೆ ತಗೊಂಡು ಮೂಸಿದಳು, ಮಡಚಿ ಇಟ್ಟಳು. "ಇದು ನಮ್ಮನೆ ಕೂಸು. ನಮ್ಮನೆ ಕೂಸುಗಳಿಗೆ ಈ ಸಿಹಿ ವಾಸನೆ ಇರ್ತೈತೆ. ನನ್ನವೂ ಎರಡು ಹಿಂಗೇ ಇದ್ವು" ಅಂದಳು. ಆ ಎರಡು ಎಲ್ಲಿ ಅಂತ ನಾನು ಕೇಳಲಿಲ್ಲ. ಅವ್ವನಿಗೂ ಮಾಮನಿಗೂ ನಡುವೆ ಹುಟ್ಟಿ ತೊಟ್ಟಿಲಲ್ಲೇ ಹೋದ ಎರಡು ಕೂಸುಗಳ ಸುದ್ದಿ ಮನೆಯಲ್ಲಿ ಎಲ್ಲರಿಗೂ ಗೊತ್ತು. ದೇವರಿಗೆ ಬೇಕಾದವು ಅನ್ನುತ್ತಾರೆ.

ಕುಡಿಯುತ್ತಿಲ್ಲ ಅಂದಾಗ ಅಜ್ಜಿಗೆ ಅತ್ತೆತನ ಬಂತು. "ಈಟೀಟು ಮೆಂತೆ ತಿನ್ನಿಸಿದ್ರೆ ಹಾಲು ಕಹಿ ಆಗ್ದೆ ಏನಾಗ್ತೈತೆ? ಕೂಸು ಹೆಂಗೆ ಕುಡೀಬೇಕು?" ಅಂತ ಅವ್ವನ ಮೇಲೆ ಹರಿಹಾಯ್ದಳು. ಅವ್ವ ಉಂಡೆ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ನಾಳೆಯಿಂದ ಮೆಂತೆ ಇಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ.

24 ನವೆಂಬರ್, ಸೋಮವಾರ

ನನ್ನ ಹಾಲು ಕಹಿಯಲ್ಲ. ನಾನೇ ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ. ಅಜ್ಜಿ ನಂಬಲಿಲ್ಲ.

ಪಕ್ಕದ ಮನೆ ಖತೀಜಾಬೀಗೆ ಐದು ತಿಂಗಳ ಮಗಳಿದ್ದಾಳೆ. ಸುದ್ದಿ ತಿಳಿದು ಅವಳೇ ಬಂದು ಬಾಗಿಲಲ್ಲಿ ನಿಂತಳು. "ಕೊಡ್ರಿ ಇಲ್ಲಿ, ನಾನೊಂದು ಸಲ ನೋಡ್ತೀನಿ" ಅಂದಳು. ಅವ್ವ ಅಜ್ಜಿಯ ಮುಖ ನೋಡಿದಳು, ಅಜ್ಜಿ ಗೋಡೆ ನೋಡಿದಳು, ನಾನೇ ಕೂಸನ್ನ ಕೈಗೆ ಕೊಟ್ಟೆ. ಖತೀಜಾಬೀ ಗೋಡೆಗೆ ಒರಗಿ, ಸೆರಗು ಮರೆ ಮಾಡಿಕೊಂಡು ಬಹಳ ಹೊತ್ತು ಕೂತಳು. ಅವಳ ಹಾಲು ಕೂಸಿನ ತುಟಿಯಿಂದ ಇಳಿದು ಕೊರಳಿನ ಮಡಿಕೆಯಲ್ಲಿ ನಿಂತಿತೇ ಹೊರತು ಒಳಗೆ ಹೋಗಲಿಲ್ಲ.

"ಹಾಲಿನ ತಪ್ಪಲ್ಲ ಬಿಡ್ರಿ" ಅಂತ ಅವ್ವನ ಕಡೆ ನೋಡಿ ಹೇಳಿದಳು. ಅವ್ವ ಅವಳ ಕೈ ಹಿಡಿದುಕೊಂಡಳು.

25 ನವೆಂಬರ್, ಮಂಗಳವಾರ

ಮೆಂತೆ ಬಿಟ್ಟರೂ ಕೂಸಿನ ವಾಸನೆ ಹೋಗಿಲ್ಲ. ಜಾಸ್ತಿಯಾಗಿದೆ. ಕೋಣೆಗೆ ಬಂದವರಿಗೆಲ್ಲ ಮೂಗಿಗೆ ಬಡಿಯುತ್ತದೆ. ಇಷ್ಟು ಬೇಗ ಹೋಗಲ್ಲ, ಮೈಯೊಳಗೆ ಇಳಿದದ್ದು ಹೊರಗೆ ಹೋಗಲು ದಿನ ಬೇಕು ಅಂತ ಹಂಪವ್ವ.

ಬೆಳಿಗ್ಗೆ ಎಣ್ಣೆ ಹಚ್ಚುವಾಗ ಕೂಸು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಮುಷ್ಟಿ ಬಿಗಿ, ಕಣ್ಣು ಮೇಲೆ. ಆಮೇಲೆ ಹಳೇ ಬಟ್ಟೆಯ ಹಾಗೆ ಮೆತ್ತಗಾಯಿತು. ಬಾಲಗ್ರಹ ಅಂದರು. ಅಪ್ಪ ಓಡಿ ಹೋಗಿ ತಾಯಿತ ಕಟ್ಟಿಸಿಕೊಂಡು ಬಂದರು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದಳು. ನನಗೆ ಸಿಟ್ಟು ಬಂತು. ಆಸ್ಪತ್ರೆಗೆ ಕರಕೊಂಡು ಹೋಗಿ ಅಂದೆ. ಬಾಣಂತಿ ಹೊಸಿಲು ದಾಟಬಾರದು ಅಂದರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದು ನಾನೇ ದಾಟಿದೆ. ರಜೆ ಹಾಕಿ ಉಳಿದಿದ್ದ ಮಾಮ ಟಾಂಗಾ ತಂದರು.

26 ನವೆಂಬರ್

ಆಸ್ಪತ್ರೆ. ಡಾಕ್ಟರಮ್ಮ ಮೈಸೂರು ಕಡೆಯವರು, ಸಣ್ಣ ವಯಸ್ಸು. ಒದ್ದೆ ಬಟ್ಟೆ ಎತ್ತಿ ಮೂಗಿನ ಹತ್ತಿರ ಹಿಡಿದರು. "ಇದೇನು ವಾಸನೆ?" ಅಂದರು.

ಅವ್ವ, ಅಜ್ಜಿ, ಮಾಮ ಮೂವರೂ ಒಟ್ಟಿಗೆ, "ಮೆಂತೆ ರೀ, ಬಾಣಂತಿಗೆ ಕೊಟ್ಟಿದ್ವಿ" ಅಂದರು. ಡಾಕ್ಟರಮ್ಮ ತಲೆ ಆಡಿಸಿ ಬಟ್ಟೆ ಕೆಳಗಿಟ್ಟರು. ಸೂಜಿ ಚುಚ್ಚಿದರು, ಮೂಗಿಗೆ ಸಣ್ಣ ನಳಿಕೆ ಹಾಕಿದರು.

ಮೆಂತೆಪ್ಪ ಕಣ್ಣು ಬಿಡುತ್ತಿಲ್ಲ.

28 ನವೆಂಬರ್

ಹೋದ.

3 ಡಿಸೆಂಬರ್ 1958

ಗಂಡಸರು ಆವರಗೆರೆ ದಾರಿಯ ಕಡೆ ಎಲ್ಲೋ ಮಣ್ಣು ಮಾಡಿ ಬಂದರು. ಎಲ್ಲಿ ಅಂತ ಮಾಮನನ್ನ ಕೇಳಿದೆ. ಬೇವಿನ ಮರ ಐತೆ ಅಂದರು. ಊರ ತುಂಬ ಬೇವಿನ ಮರ.

ಹಾಲು ನಿಂತಿಲ್ಲ. ರವಿಕೆ ಒದ್ದೆಯಾಗುತ್ತದೆ. ಎದೆಗೆ ಮಲ್ಲಿಗೆ ಕಟ್ಟಿದರೆ ಬತ್ತುತ್ತದೆ ಅಂತ ಖತೀಜಾಬೀ ಈ ಚಳಿಗಾಲದಲ್ಲೂ ಎಲ್ಲಿಂದಲೋ ಹುಡುಕಿ ತಂದಳು. ಅವಳ ಮಗಳು ಆ ಮನೆಯಲ್ಲಿ ಅತ್ತರೆ ಇಲ್ಲಿ ನನಗೆ ಹಾಲು ಇಳಿಯುತ್ತದೆ. ಅದನ್ನ ಯಾರಿಗೂ ಹೇಳಿಲ್ಲ.

ಅವ್ವ ಕೂಸಿನ ಬಟ್ಟೆಗಳನ್ನೆಲ್ಲ ಬೂದಿ ನೀರಲ್ಲಿ ಕುದಿಸಿ ಒಗೆದಳು. ಒಂದು ಕುಲಾಯಿ ನನ್ನ ದಿಂಬಿನ ಕೆಳಗೆ ಉಳಿದಿತ್ತು, ಅವಳಿಗೆ ಗೊತ್ತಿಲ್ಲ. ಅದರಲ್ಲಿ ಅವನ ವಾಸನೆ ಹಾಗೇ ಇದೆ.

ಹೆಸರಿಡದ ಕೂಸಿಗೆ ಯಾವ ಶಾಸ್ತ್ರವೂ ಇಲ್ಲವಂತೆ. ಹೆಸರಿತ್ತಲ್ಲ ಅಂತ ಬಾಯಿಗೆ ಬಂದಿತ್ತು. ಮೆಂತೆಪ್ಪ ಅಂದರೆ ನಕ್ಕಾರು ಅಂತ ಸುಮ್ಮನಾದೆ.

10 ಫೆಬ್ರವರಿ 1959, ಹರಿಹರ

ಗಂಡನ ಮನೆಗೆ ಬಂದು ತಿಂಗಳಾಯಿತು. ನದಿಯಲ್ಲಿ ನೀರು ಕಡಿಮೆ, ಬಂಡೆ ಮೇಲೆ ಬಟ್ಟೆ ಒಗೆಯುವವರ ಸದ್ದು ಮನೆವರೆಗೂ ಕೇಳುತ್ತದೆ.

ಅಜ್ಜಿಗೂ ಅವ್ವನಿಗೂ ಮಾತಿಲ್ಲ. ಅಜ್ಜಿ ದಿನಕ್ಕೊಂದು ಸಲವಾದರೂ, "ಆ ಮೆಂತೆ ಒಂದು ತಿನ್ನಿಸದೆ ಇದ್ದಿದ್ರೆ" ಅನ್ನುತ್ತಾಳೆ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಬಗ್ಗೆ. ಅವ್ವ ಅದನ್ನ ನಂಬಿಬಿಟ್ಟಿದ್ದಾಳೆ. ಅವಳ ಮನೆಯಲ್ಲಿ ಈಗ ಮೆಂತೆ ಡಬ್ಬಿಯೇ ಇಲ್ಲವಂತೆ. ಉಪ್ಪಿನಕಾಯಿಗೂ ಹಾಕುವುದಿಲ್ಲ, ದೋಸೆಗೂ ಹಾಕುವುದಿಲ್ಲ. ಮೊನ್ನೆ ಅಪ್ಪ ಬಂದಾಗ ದೋಸೆ ಚರ್ಮದ ಹಾಗಿರ್ತಾವೆ ಅಂತ ಹೇಳಿ ನಗಲು ನೋಡಿದರು. ನನಗೂ ನಗು ಬರಲಿಲ್ಲ.

ಇವತ್ತು ಸಂತೆಗೆ ಹೋಗಿದ್ದೆ. ದಿನಸಿ ಮಾರುವ ಹಯಾತ್ ಸಾಬರ ಚೀಲಗಳ ಮುಂದೆ ಸುಮ್ಮನೆ ನಿಂತೆ. ಧನಿಯ, ಜೀರಿಗೆ, ಮೆಂತೆ. "ಎಷ್ಟು ಹಾಕ್ಲಿ ಬೆಹೆನ್?" ಅಂದರು. ಏನೂ ಬೇಡ ಅಂದೆ. ಒಂದು ಹಿಡಿ ತೆಗೆದು ಮೂಸಿ ವಾಪಸ್ ಹಾಕಿದೆ. ಹಸಿ ಮೆಂತೆಗೆ ಆ ವಾಸನೆ ಇಲ್ಲ, ಹುರಿಯಬೇಕು. ಬದನೆಕಾಯಿ ತರುವುದು ಮರೆತು ಬಂದೆ, ಅಜ್ಜಿ ಬೈದಳು.

22 ಮಾರ್ಚ್ 1959, ಭಾನುವಾರ

ಡಾಕ್ಟರಮ್ಮ ಹೇಳಿಕಳಿಸಿದ್ದರು, ಗಂಡ ಹೆಂಡತಿ ಇಬ್ಬರೂ ಬಂದು ಹೋಗಿ ಅಂತ. ಇವತ್ತು ದಾವಣಗೆರೆಗೆ ಹೋದೆವು. ಕ್ವಾರ್ಟರ್ಸಿನ ಹೊರಗೆ ಬೆತ್ತದ ಕುರ್ಚಿ ಹಾಕಿಸಿ ಕೂರಿಸಿದರು. ಅವರ ಕೈಯಲ್ಲಿ ಹೊರದೇಶದ ವೈದ್ಯರ ಪತ್ರಿಕೆ ಇತ್ತು.

"ಕೂತ್ಕೊಳಿ. ನಾನು ಆವತ್ತು ನಿಮ್ಮ ಮಾತು ಕೇಳಿ ಮೆಂತ್ಯ ಅಂದುಕೊಂಡೆ" ಅಂದರು. ಪತ್ರಿಕೆ ತೆರೆದು ತೋರಿಸಿದರು. ಅಮೇರಿಕಾದಲ್ಲಿ ಒಂದೇ ಮನೆಯ ನಾಲ್ಕು ಕೂಸು ಹೀಗೇ ಹೋದವಂತೆ. ಎಲ್ಲಕ್ಕೂ ಸುಟ್ಟ ಸಕ್ಕರೆಯ ಹಾಗೆ ವಾಸನೆ ಇತ್ತಂತೆ. ಹಾಲಿನಲ್ಲಿ ಮೈ ಬೆಳೆಸುವ ಸತ್ವ ಇದೆಯಲ್ಲ, ಅದರಲ್ಲಿ ಒಂದಷ್ಟನ್ನ ಅರಗಿಸುವ ಶಕ್ತಿ ಆ ಕೂಸುಗಳ ಮೈಗೆ ಹುಟ್ಟಿನಿಂದಲೇ ಇರುವುದಿಲ್ಲ. ಅರಗದೆ ಉಳಿದದ್ದು ರಕ್ತದಲ್ಲಿ ಸೇರಿ ವಿಷವಾಗುತ್ತದೆ, ತಲೆಗೆ ಏರುತ್ತದೆ. ವಾಸನೆಯೂ ಅದರದೇ.

"ಅಂದ್ರೆ ಹಾಲೇ ವಿಷ ಆಯ್ತಾ ರೀ?" ಅಂತ ಮಾಮ ಕೇಳಿದರು. ಅವರು ಪತ್ರಿಕೆ ಮಡಚಿ ತೊಡೆಯ ಮೇಲಿಟ್ಟರು.

ಇನ್ನೂ ಹೇಳಿದರು. ಇದು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಇಬ್ಬರ ರಕ್ತದಲ್ಲೂ ಅಡಗಿರುತ್ತದೆ, ಇಬ್ಬರಿಗೂ ಏನೂ ಆಗಿರುವುದಿಲ್ಲ. ಒಂದೇ ಮನೆತನದಲ್ಲಿ ಕೊಟ್ಟು ತಂದರೆ ಎರಡು ಕಡೆಯದೂ ಒಂದೇ ಕೂಸಿಗೆ ಸೇರಬಹುದು. ನೀವಿಬ್ಬರೂ ಸಂಬಂಧವಾ ಅಂತ ಕೇಳಿದರು. ಮಾಮ ನೆಲ ನೋಡಿಕೊಂಡು, "ನಮ್ಮ ಅಕ್ಕನ ಮಗಳು" ಅಂದರು.

ಮುಂದಿನ ಕೂಸಿಗೂ ಬರುತ್ತದಾ ಅಂತ ನಾನೇ ಕೇಳಿದೆ. ನಾಲ್ಕರಲ್ಲಿ ಒಂದರ ಹಾಗೆ ಬರಬಹುದು, ಬರದೆಯೂ ಇರಬಹುದು, ಔಷಧ ಇನ್ನೂ ಯಾರಿಗೂ ಗೊತ್ತಿಲ್ಲ ಅಂದರು. ಹುಟ್ಟಿದ ದಿನವೇ ತಂದಿದ್ದರೂ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ ಅಂದರು. ಮೆಂತ್ಯ ಏನೂ ಮಾಡಿಲ್ಲ, ನಿಮ್ಮ ತಾಯಿಗೆ ಹೇಳಿ ಅಂದರು.

ಅಲ್ಲಿಂದ ನೇರ ನಿಟ್ಟುವಳ್ಳಿಗೆ ಹೋದೆವು. ಅವ್ವ ಒರಳಿನ ಮುಂದೆ ಕೂತು ರುಬ್ಬುತ್ತಿದ್ದಳು. ಮಾಮ ಬಾಗಿಲಲ್ಲೇ ನಿಂತು ಹೇಳಿದರು, "ಅಕ್ಕಾ, ನಿನ್ನ ಮೆಂತೆದು ಏನೂ ತಪ್ಪಿಲ್ಲಂತೆ." ಅವ್ವ ಕೈ ನಿಲ್ಲಿಸಲಿಲ್ಲ. ಹಿಟ್ಟು ನುಣ್ಣಗಾದ ಮೇಲೂ ರುಬ್ಬುತ್ತಲೇ ಇದ್ದಳು, ಕಣ್ಣೀರು ಹಿಟ್ಟಿಗೆ ಬೀಳುತ್ತಿತ್ತು. ನಾನು ಪಕ್ಕ ಕೂತು ಗುಂಡು ಹಿಡಿದು ನಿಲ್ಲಿಸಬೇಕಾಯಿತು.

23 ಮಾರ್ಚ್ 1959

ಅಜ್ಜಿಗೆ ಹೇಳಿದೆವು. ಜಗಳ ತೆಗೆಯುತ್ತಾಳೆ ಅಂದುಕೊಂಡಿದ್ದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ನಿಮ್ಮಜ್ಜ ನನಗೆ ಸ್ವಂತ ಅತ್ತೆ ಮಗ" ಅಂದಳು. ಆಮೇಲೆ, "ನಾನೂ ಮೆಂತೆ ತಿಂದಿದ್ದೆ ಹೊನ್ನಿ. ಮೊದಲನೇದು ಹೋದಾಗ ಮೆಂತೆ ಅಂದ್ಕೊಂಡೆ. ಎರಡನೇದಕ್ಕೆ ತಿನ್ನಲಿಲ್ಲ, ಅದಕ್ಕೂ ಬಂತು. ಆವಾಗ ದೇವರು ಅಂದ್ಕೊಂಡೆ" ಅಂದಳು.

ಗೊತ್ತಿದ್ದೂ ಅವ್ವನನ್ನ ಯಾಕೆ ಬೈದೆ ಅಂತ ಕೇಳಬೇಕಿತ್ತು. ಮೊರ ಎತ್ತಿಕೊಂಡು ಉಳಿದ ಅಕ್ಕಿ ನಾನೇ ಆರಿಸಿದೆ.

10 ಜುಲೈ 1960, ಭಾನುವಾರ

ಹೌದು. ಮೂರನೇ ತಿಂಗಳು.

ನಾವಿಬ್ಬರೇ ಇದ್ದುಬಿಡೋಣ ಹೊನ್ನಿ ಅಂತ ಮಾಮ ಒಂದು ವರ್ಷ ಹೇಳುತ್ತಲೇ ಇದ್ದರು. ನಾನೇ ಹಟ ಮಾಡಿದೆ. ಈಗ ಹೆದರಿಕೆ ಎಷ್ಟಿದೆ ಅಂದರೆ, ಬಸುರಿಗೆ ಬರುವ ವಾಂತಿಯೋ ಹೆದರಿಕೆಯ ವಾಂತಿಯೋ ತಿಳಿಯುತ್ತಿಲ್ಲ. ನಾಲ್ಕರಲ್ಲಿ ಒಂದು ಆಗಿಹೋಯಿತಲ್ಲ, ಇನ್ನು ಮೂರು ನಮ್ಮವೇ ಅಂತ ಮಾಮ ಲೆಕ್ಕ ಹಾಕಿದರು. ಹಾಗಲ್ಲವಂತೆ, ಪ್ರತಿ ಸಲವೂ ಹೊಸದಾಗಿಯೇ ಶುರುವಂತೆ. ಡಾಕ್ಟರಮ್ಮ ಆವತ್ತೇ ಹೇಳಿದ್ದರು, ಮಾಮನಿಗೆ ಅದು ಕಿವಿಗೆ ಬಿದ್ದಿಲ್ಲ. ನಾನೂ ತಿದ್ದಲಿಲ್ಲ.

15 ಜನವರಿ 1961, ದಾವಣಗೆರೆ

ಅವ್ವನಿಗೂ ನನಗೂ ಜಗಳ. ಬಾಣಂತಿಗೆ ಮೆಂತೆ ಇಲ್ಲದಿದ್ದರೆ ಸೊಂಟ ನಿಲ್ಲಲ್ಲ, ಹಾಲು ಇಳಿಯಲ್ಲ ಅಂತ ಹಂಪವ್ವ ಅವಳ ಕಿವಿ ಊದಿದ್ದಾಳೆ. ಎರಡು ವರ್ಷ ಮುಟ್ಟದವಳು ಈಗ ಒಂದು ಸೇರು ತಂದಿಟ್ಟಿದ್ದಳು. ಡಬ್ಬಿ ಸಮೇತ ಖತೀಜಾಬೀಗೆ ಕೊಟ್ಟು ಬಂದೆ.

"ಡಾಕ್ಟರಮ್ಮನೇ ತಪ್ಪಿಲ್ಲ ಅಂದಾರಲ್ಲೇ" ಅಂದಳು ಅವ್ವ.

"ತಪ್ಪಿಲ್ಲ. ಆದರೆ ಈ ಸಲ ವಾಸನೆ ಬಂದರೆ ಅದು ಯಾವುದು ಅಂತ ನನಗೆ ಗೊತ್ತಾಗಬೇಕು. ಮನೆಯಲ್ಲಿ ಒಂದು ಕಾಳೂ ಇರಬಾರದು" ಅಂದೆ.

ಅವ್ವ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಿ, ಅದನ್ನೂ ಹೊರಗೆ ಇಟ್ಟು ಬಂದಳು. ಅದರಲ್ಲಿ ಮೆಂತೆ ಇರಲಿಲ್ಲ.

18 ಜನವರಿ 1961, ಬುಧವಾರ

ಹೆಣ್ಣು. ನಿನ್ನೆ ಸಂಜೆ. ಹೊಕ್ಕಳಬಳ್ಳಿ ಕತ್ತರಿಸುವ ಮೊದಲೇ ಮೂಸಲು ಕೊಡು ಅಂತ ಕೈ ಚಾಚಿದೆ. ಹಂಪವ್ವ ಬೈದಳು. ಈಗಲೇ ಏನೂ ತಿಳಿಯಲ್ಲ, ಕಾಯಬೇಕು.

20 ಜನವರಿ

ಇಲ್ಲ. ಒಮ್ಮೆ ವಾಸನೆ ಇದ್ದ ಹಾಗೆ ಅನ್ನಿಸಿತು. ಒಲೆಯ ಮೇಲೆ ಬೆಲ್ಲ ಕರಗುತ್ತಿತ್ತು. ಬೆಲ್ಲವೂ ಬೇಡ ಅಂದೆ. ಅವ್ವ ಪಾತ್ರೆ ಇಳಿಸಿದಳು. ಮಾಮ ರಜೆ ಹಾಕಿ ಬಂದು ಪಡಸಾಲೆಯಲ್ಲಿ ಕೂತಿದ್ದಾರೆ. ಒಳಗೆ ಬರುತ್ತಿಲ್ಲ. ಕೂಸಿಗೆ ಯಾವ ಅಡ್ಡಹೆಸರೂ ಇಟ್ಟಿಲ್ಲ.

22 ಜನವರಿ, ಭಾನುವಾರ

ಕೂಸು ಒದ್ದೆ ಮಾಡಿದರೆ ಸಾಕು, ನಮ್ಮ ಮನೆಯಲ್ಲಿ ಮೆರವಣಿಗೆ. ಬಟ್ಟೆ ಮೊದಲು ನನ್ನ ಮೂಗಿಗೆ, ಆಮೇಲೆ ಅವ್ವ, ಆಮೇಲೆ ಖತೀಜಾಬೀ, ಕೊನೆಗೆ ಮಾಮನ ಜೊತೆ ಬಂದ ಅಜ್ಜಿ. ಅಜ್ಜಿ ಕಣ್ಣು ಮುಚ್ಚಿ, ದೇವರ ಮುಂದೆ ನಿಂತ ಹಾಗೆ ನಿಂತು ಮೂಸುತ್ತಾಳೆ. ಹೊರಗಿನವರು ಯಾರಾದರೂ ನೋಡಿದರೆ ಈ ಹೆಂಗಸರಿಗೆಲ್ಲ ತಲೆ ಕೆಟ್ಟಿದೆ ಅನ್ನುತ್ತಾರೆ.

ಇವತ್ತು ಅಜ್ಜಿ ಬಟ್ಟೆ ಅವ್ವನ ಕೈಗೆ ಕೊಟ್ಟು, "ಬರೀ ಉಚ್ಚೆ ನಾತ ಕಣೇ" ಅಂದಳು. ಅವ್ವನ ಭುಜದ ಮೇಲೆ ತಲೆಯಿಟ್ಟು ಅತ್ತಳು. ತಾಯಿ ಮಗಳು ಹಾಗೆ ಅಪ್ಪಿಕೊಂಡದ್ದನ್ನ ನಾನು ಎಂದೂ ನೋಡಿರಲಿಲ್ಲ.

31 ಜನವರಿ 1961, ಮಂಗಳವಾರ

ನಾಳೆ ತೊಟ್ಟಿಲಿಗೆ ಹಾಕುತ್ತಾರೆ. ಕೂಸು ಹೊಟ್ಟೆ ತುಂಬ ಕುಡಿಯುತ್ತದೆ, ಸಾಲದೆ ಮುಷ್ಟಿ ಚೀಪುತ್ತದೆ. ಡಾಕ್ಟರಮ್ಮ ವರ್ಗವಾಗಿ ಹೋಗಿದ್ದಾರೆ, ಹೊಸಬರು ನೋಡಿ, ಏನೂ ಇಲ್ಲ ಹೋಗ್ರಿ ಅಂದರು. ಮಾಮ ನಿನ್ನೆ ಕೊನೆಗೂ ಒಳಗೆ ಬಂದು ಎತ್ತಿಕೊಂಡರು. ನೆತ್ತಿ ಮೂಸಿದರು. ತಲೆ ಎತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದರು. "ಇವಳು ಬ್ಯಾರೆ" ಅಂದರು. ನನಗೆ ಗೊತ್ತಾಯಿತು, ಅವರೂ ಹುಡುಕುತ್ತಿದ್ದರು.

ಇವಳಲ್ಲಿ ಹಾಲಿನ ವಾಸನೆ, ಎಣ್ಣೆಯ ವಾಸನೆ, ಬಜೆ ವಾಸನೆ. ದಿನಾ ಬೆಳಿಗ್ಗೆ ಅವನ ವಾಸನೆ ಇರಬಾರದು ದೇವರೇ ಅಂತ ಬೇಡಿಕೊಂಡು ಮೂಸುತ್ತೇನೆ. ಇಲ್ಲ ಅಂತ ಗೊತ್ತಾದಾಗ ಜೀವ ಬಂದ ಹಾಗಾಗುತ್ತದೆ. ಮರುಕ್ಷಣವೇ ಎಲ್ಲಿ ಹೋದ ಅಂತ ಅನ್ನಿಸುತ್ತದೆ.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಟ್ರಂಕಿನಿಂದ ಅವನ ಕುಲಾಯಿ ತೆಗೆದೆ. ಎಷ್ಟು ಮೂಸಿದರೂ ಟ್ರಂಕಿನ ಕಬ್ಬಿಣದ ವಾಸನೆ ಬಿಟ್ಟರೆ ಏನೂ ಇಲ್ಲ. ಒಳಮಗ್ಗಲು ತಿರುಗಿಸಿ ನೋಡಿದೆ, ಹೊಲಿಗೆ ಹತ್ತಿರ ನೋಡಿದೆ. ಎಲ್ಲೂ ಇಲ್ಲ.

ಅವ್ವನನ್ನ ಎಬ್ಬಿಸಿದೆ.

"ಖತೀಜಾಬೀ ಹತ್ರ ಮೆಂತೆ ಡಬ್ಬಿ ಐತಲ್ಲ, ಇಸ್ಕೊಂಡು ಬಾ. ಹುರಿದು ಉಂಡೆ ಕಟ್ಟು" ಅಂದೆ.

"ಈಗೇನು ಅವಸರ? ನಾಳೆ ಮಾಡ್ತೀನಿ ಬಿಡು."

"ಈಗಲೇ ಮಾಡು. ಪಾಕ ಸ್ವಲ್ಪ ತಳ ಹಿಡೀಲಿ."

ಅವ್ವ ನನ್ನ ಕೈಯಲ್ಲಿದ್ದ ಕುಲಾಯಿ ನೋಡಿದಳು. ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಮೆಂತೆ ಚಟಪಟ ಅಂತು, ಆಮೇಲೆ ಬೆಲ್ಲ ಸೀದ ವಾಸನೆ ಅಡುಗೆಮನೆ ದಾಟಿ ಪಡಸಾಲೆಗೆ ಬಂತು, ಕೋಣೆಗೆ ಬಂತು. ಹೊರಗೆ ಮಾಮ ಯಾರ ಜೊತೆಯೋ ಮಾತಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಹಾಗೇ ನಿಂತರು.

ಮಗಳು ಎದೆಗೆ ಕಚ್ಚಿಕೊಂಡು ಸದ್ದು ಮಾಡಿ ಕುಡಿಯುತ್ತಿದ್ದಳು. ಅವ್ವ ಬಿಸಿ ಉಂಡೆ ತಟ್ಟೆಯಲ್ಲಿ ತಂದಿಟ್ಟಳು. ಕಹಿ ಇತ್ತು. ಪೂರ್ತಿ ತಿಂದೆ, ಇನ್ನೊಂದು ಕೊಡು ಅಂದೆ.